ಬಸ್ಸಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ

"ಚಪ್ಪಲಿನಾ? ಯಾವ ಚಪ್ಪಲಿ?"

ನಾನು ಕೇಳಿದ್ದಕ್ಕೆ ಕಾಳಕ್ಕ ಕೈಯಲ್ಲಿದ್ದ ಚಾಕುವನ್ನು ನಿಲ್ಲಿಸಲಿಲ್ಲ. ಚಿತ್ರದುರ್ಗದ ಕೋಟೆಯ ಮುಂದೆ ಬಸ್ಸುಗಳು ನಿಲ್ಲುವ ಕಡೆ ಅವಳದೊಂದು ಬುಟ್ಟಿ, ಒಂದು ಹರಿದ ಛತ್ರಿ. ಸೌತೆಕಾಯಿಯನ್ನು ಉದ್ದಕ್ಕೆ ಸೀಳಿ, ಉಪ್ಪು ಖಾರದಪುಡಿ ಸವರಿ, ನನ್ನ ಕೈಗಿಟ್ಟ ಮೇಲೆಯೇ ಬಾಯಿ ಬಿಟ್ಟಳು.

"ನಿನ್ನೆ ಮಧ್ಯಾನ ಕಣವ್ವ. ನಿಮ್ಮ ಸ್ಕೂಲ್ ಬಸ್ಸು ಅಗೋ ಆ ಬೇವಿನ ಮರದ ತಾವ ನಿಂತಿತ್ತಲ್ಲ, ಅದರ ಬಾಗ್ಲಲ್ಲಿ ಒಂದು ಜೊತೆ ಚಪ್ಲಿ ಬಿಟ್ಟಿದ್ರು. ನಾಯಿ ಕಚ್ಕಂಡೋಗ್ತೈತೆ ಅಂತ ನಾನೇ ಎತ್ತಿ ಗಾಲಿ ಮ್ಯಾಲಿಟ್ಟೆ."

"ಬಸ್ಸಿನೊಳಗೆ ಯಾರಿದ್ರು?"

"ನಾನೇನು ಇಣುಕಿ ನೋಡ್ಲಾ? ಗಿರಾಕಿ ಮುತ್ಕಂಡಿದ್ರು. ಆಮ್ಯಾಕೆ ನೋಡಿದ್ರೆ ಚಪ್ಲೀನೂ ಇರಲಿಲ್ಲ."

"ಗಂಡಸ್ರದೋ, ಹೆಂಗಸ್ರದೋ?"

"ಹವಾಯಿ ಚಪ್ಲಿ, ಯಾರು ಹಾಕ್ಕಂಡ್ರೂ ಆತು. ಒಂದರ ಬಾರು ಕಿತ್ತು ಬಂದಿತ್ತು. ಪಿನ್ನು ಚುಚ್ಚಿದ್ರು."

ಸೌತೆಕಾಯಿ ಎಳೆಯದಾಗಿತ್ತು, ಖಾರ ಜೋರಾಗಿತ್ತು. ಅರ್ಧ ತಿಂದವಳು ಹಾಗೇ ನಿಂತುಬಿಟ್ಟೆ.

ನಿನ್ನೆ ನನ್ನ ತಂಗಿ ಹೇಮಾವತಿಯ ಏಳನೇ ಕ್ಲಾಸಿನ ಮಕ್ಕಳು ಇದೇ ಕೋಟೆಗೆ ಪ್ರವಾಸ ಬಂದಾಗ, ಬಸ್ಸಿನಲ್ಲಿಟ್ಟಿದ್ದ ದೇವರೆತ್ತಿನ ಕಂಚಿನ ಗಂಟೆ ಮಾಯವಾಗಿತ್ತು. ಹೇಮಾ ಅದೇ ಸ್ಕೂಲಿನ ಇತಿಹಾಸದ ಮೇಡಂ. ನಾನು ಅವಳ ಅಕ್ಕ ಚಂದ್ರಕ್ಕ, ಪೊಲೀಸ್ ಇಲಾಖೆಯಲ್ಲಿ ದುಡಿದು ನಿವೃತ್ತಳಾಗಿ, ಮಂಡಿಗೆ ಎಣ್ಣೆ ತಿಕ್ಕಿಕೊಂಡು ಸುಮ್ಮನೆ ಕೂತಿರಬೇಕಾದವಳು. "ಮಕ್ಕಳ ಜೊತೆ ಬಾರಕ್ಕ, ಗಾಳಿ ಬದಲಾಗುತ್ತೆ" ಎಂದು ತಂಗಿ ಕರೆದಳು. ಬಂದೆ. ಗಾಳಿ ಬದಲಾಯಿತು ನೋಡಿ!

ಬೇವಿನ ಮರದ ನೆರಳು ಬಿಟ್ಟು ಒಂದು ಹೆಜ್ಜೆ ಆಚೆ ಇಟ್ಟೆ. ಬಂಡೆ ನೆಲ. ಚಪ್ಪಲಿ ಕಳಚಿ ಬರಿಗಾಲು ಊರಿ ನೋಡಿದೆ. ಅಯ್ಯಯ್ಯಪ್ಪ! ಕಾಲು ತಾನಾಗಿಯೇ ಚಪ್ಪಲಿಯೊಳಕ್ಕೆ ಹೋಯಿತು. ಏಪ್ರಿಲ್ ಬಿಸಿಲಲ್ಲಿ ದುರ್ಗದ ಬಂಡೆಯ ಮೇಲೆ ಚಪ್ಪಲಿ ಬಿಟ್ಟು ಬಸ್ಸು ಹತ್ತುವವರು ಯಾರು? ಮಕ್ಕಳು ಮಣ್ಣುಗಾಲಲ್ಲೇ ಹತ್ತಿ, ಸೀಟಿನ ಮೇಲೂ ನಿಂತಿದ್ದರು. ಡ್ರೈವರ್ ಮಾರುತೇಶನದು ಲೇಸು ಕಟ್ಟುವ ಶೂ, ಊಟಕ್ಕೆ ಕೂತಾಗಲೂ ಬಿಚ್ಚಿರಲಿಲ್ಲ. ಊರಿನವರೆಲ್ಲ ನಿನ್ನೆಯಿಂದ ಅವನ ಮೇಲೆಯೇ ಕಣ್ಣಿಟ್ಟಿದ್ದರು, ಪಾಪ.

ಚಪ್ಪಲಿ ಬಿಡಿಸುವಂಥದ್ದು ಆ ಬಸ್ಸಿನಲ್ಲಿ ಇದ್ದದ್ದು ಒಂದೇ, ಆ ಗಂಟೆ.

ಆ ಗಂಟೆ ಮುತ್ತಿಗೆಹಟ್ಟಿಯ ಗೋವಿಂದಯ್ಯನ ಮನೆಯದು. ದೇವರಿಗೆ ಬಿಟ್ಟ ಎತ್ತುಗಳನ್ನು ತಲೆತಲಾಂತರದಿಂದ ಕಾಯುತ್ತ ಬಂದ ಮನೆತನ. ಸಂಕ್ರಾಂತಿಯ ದಿನ ಮಾತ್ರ ಮುಂದಾಳು ಎತ್ತಿನ ಕೊರಳಿಗೆ ಅದನ್ನು ಕಟ್ಟುತ್ತಾರೆ. ಮಿಕ್ಕ ದಿನ ಕರೀ ಕಂಬಳಿಯ ಮೇಲೆ ಇಟ್ಟಿರುತ್ತಾರೆ, ಬರೀ ನೆಲಕ್ಕೆ ತಾಗಿಸುವುದಿಲ್ಲ. ಕಾಲಿಗೆ ಮೆಟ್ಟಿಕೊಂಡು ಅದರ ಹತ್ತಿರ ಯಾರೂ ಸುಳಿಯುವಂತಿಲ್ಲ. ಮೊನ್ನೆ ಗಂಟೆ ಕೇಳಿ ತರಲು ಹೋದಾಗ ಹೆಡ್‌ಮಾಸ್ಟರ್ ಶಿವಕುಮಾರಪ್ಪನವರು ಮರೆತು ಶೂನಲ್ಲೇ ಹೊಸ್ತಿಲು ದಾಟಿದ್ದರು. "ಏನ್ರೀ ಮೇಷ್ಟ್ರೇ, ಓದಿದೋರು ನೀವು! ಮೊದ್ಲು ಅವನ್ನ ಆಚೆ ಬಿಡ್ರಿ!" ಎಂದು ಗೋವಿಂದಯ್ಯ ಗದರಿದ ಗದರಿಕೆಗೆ ನಾನೂ ಎರಡು ಹೆಜ್ಜೆ ಹಿಂದೆ ಸರಿದಿದ್ದೆ. ಆತನ ಚರ್ಮದ ಚಪ್ಪಲಿ ನಡೆದಾಗಲೆಲ್ಲ ಕಿರ್ರ್ ಕಿರ್ರ್ ಎನ್ನುತ್ತದೆ. ಆವತ್ತು ಅವು ಅಂಗಳದ ಕಲ್ಲಿನ ಪಕ್ಕದಲ್ಲಿ ಶಿಸ್ತಾಗಿ ನಿಂತಿದ್ದವು.

ಅಂದರೆ ಮಾರಿಕೊಳ್ಳುವ ಕಳ್ಳ ಇದನ್ನು ಕದ್ದಿಲ್ಲ. ಅದನ್ನು ದೇವರೆಂದು ನಂಬಿದವರೇ ತೆಗೆದಿದ್ದಾರೆ. ಮೈ ಸುಡುವ ಬಿಸಿಲಲ್ಲಿ, ಯಾರೂ ನೋಡದಾಗಲೂ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದಾರೆ.

ಕೋಟೆ ಹತ್ತದೆ ಬಸ್ಸಿನ ಹತ್ತಿರವೇ ಉಳಿದವರು ಯಾರ್ಯಾರೆಂದು ನನಗೆ ಗೊತ್ತಿತ್ತು. ಗೊತ್ತಾದದ್ದಕ್ಕೆ ಸಂತೋಷವೇನೂ ಆಗಲಿಲ್ಲ.

"ಇನ್ನೊಂದು ಕೊಯ್ಲಾ?" ಎಂದಳು ಕಾಳಕ್ಕ.

"ಕೊಯ್ಯವ್ವ. ದಾರಿಗೆ ಬೇಕಾಗುತ್ತೆ" ಎಂದೆ.

*

ಹೊಳಲ್ಕೆರೆ ಬಸ್ಸಿನಲ್ಲಿ ಸೀಟು ಸಿಗಲಿಲ್ಲ. ಕಂಬಿ ಹಿಡಿದು ನೇತಾಡುತ್ತ ಬಂದೆ. ಬರುವಷ್ಟು ಹೊತ್ತೂ ಅನುಷಾಳ ಮುಖವೇ ಕಣ್ಣ ಮುಂದಿತ್ತು.

ಅನುಷಾ ಗೋವಿಂದಯ್ಯನ ಮೊಮ್ಮಗಳು. ಅಪ್ಪ ಅಮ್ಮ ಧರ್ಮಪುರದಲ್ಲಿ ಕೆಲಸಕ್ಕಿದ್ದಾರೆ, ಹುಡುಗಿ ಬೆಳೆದದ್ದೆಲ್ಲ ಅಜ್ಜ ಅಜ್ಜಿಯ ಹತ್ತಿರ. ವರ್ಷದ ಕೊನೆಗೆ ಹೇಮಾ ಮಾಡಿಸುವ ಇತಿಹಾಸ ಮೇಳಕ್ಕೆ ಪ್ರತಿ ಮಗುವೂ ಮನೆಯ ಹಳೇ ವಸ್ತು ಒಂದನ್ನು ತಂದು, ಅದರ ಕಥೆ ಹೇಳಬೇಕು. ಅದಕ್ಕೂ ಮೊದಲು ಪ್ರವಾಸದ ದಿನ ಆ ವಸ್ತುಗಳನ್ನು ದುರ್ಗದ ಮ್ಯೂಸಿಯಮ್ಮಿನವರಿಗೆ ತೋರಿಸಿ, ಎಷ್ಟು ಹಳೆಯದೆಂದು ಕೇಳಿಕೊಂಡು ಬರುವುದು. ಅಜ್ಜ ಮೊದಲು ಒಪ್ಪಿರಲಿಲ್ಲ. ಹುಡುಗಿ ಊಟ ಬಿಟ್ಟು ಹಟ ಹಿಡಿದು ಒಪ್ಪಿಸಿದ್ದಳು.

ಗಂಟೆ ಹೋದ ಸುದ್ದಿ ಬಂದಾಗ ಗೋವಿಂದಯ್ಯ ಸ್ಕೂಲಿನ ಅಂಗಳದಲ್ಲಿ ನಿಂತು ಒಂದೇ ಮಾತು ಹೇಳಿದ. "ಸ್ಕೂಲು ಕಲಿಸಿದ್ದು ಸಾಕು. ನಾಳೆ ಬಂದು ಟಿ.ಸಿ. ಇಸ್ಕಂಡು ಹೋಗ್ತೀನಿ, ಹೊಳಲ್ಕೆರೆಗೇನೂ ಕಳ್ಸಲ್ಲ."

ಮುತ್ತಿಗೆಹಟ್ಟಿಯ ಸ್ಕೂಲು ಏಳನೇ ಕ್ಲಾಸಿಗೇ ಮುಗಿಯುತ್ತದೆ. ಎಂಟಕ್ಕೆ ಹೊಳಲ್ಕೆರೆ. ಅನುಷಾಗೆ ಅಲ್ಲಿ ಹಾಸ್ಟೆಲ್ ಸೀಟೂ ಸಿಕ್ಕಿತ್ತು. ಮಗು ಅಳಲಿಲ್ಲ, ತುಟಿ ಬಿಗಿದುಕೊಂಡು ನಿಂತಿತ್ತು. ಅತ್ತಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ. "ಪೊಲೀಸ್ ಕಂಪ್ಲೇಂಟ್ ಕೊಡಾಣ" ಎಂದು ನಾನು ಹೇಳಿದಾಗ ಗೋವಿಂದಯ್ಯ ಕೈ ಅಡ್ಡ ಹಿಡಿದಿದ್ದ. "ದೇವರ ವಸ್ತು, ಠಾಣೆಗೀಣೆ ಬ್ಯಾಡ."

ಮುತ್ತಿಗೆಹಟ್ಟಿಗೆ ಬಂದು ಗೋವಿಂದಯ್ಯನ ಮನೆ ತಲುಪಿದಾಗ ಆತ ಇರಲಿಲ್ಲ. ಜಗಲಿಯ ಮೇಲೆ ಅವನ ಹೆಂಡತಿ ನಿಂಗಕ್ಕ ಹುಣಸೆಹಣ್ಣಿನ ರಾಶಿ ಹಾಕಿಕೊಂಡು ಬೀಜ ಬಿಡಿಸುತ್ತಿದ್ದಳು. ನಿನ್ನೆ ಮೊಮ್ಮಗಳ ಜೊತೆ ಪ್ರವಾಸಕ್ಕೆ ಬಂದು, ಮಂಡಿನೋವೆಂದು ಕೋಟೆ ಹತ್ತದೆ ಬೇವಿನ ಮರದ ಕೆಳಗೇ ಕೂತವಳು.

"ಬರ್ರಿ ಚಂದ್ರಕ್ಕ, ಕುಂತ್ಕಳ್ರಿ. ಮಜ್ಜಿಗೆ ತರ್ಲಾ?"

"ಆಮೇಲೆ ತರೋರಂತೆ."

ಕೂತೆ. ಜಗಲಿಯ ಕೆಳಗೆ ನೀಲಿ ಬಾರಿನ ಹವಾಯಿ ಚಪ್ಪಲಿ. ಎಡಗಾಲಿನದಕ್ಕೆ ಪಿನ್ನು.

"ಪಿನ್ನು ಗಟ್ಟಿ ಹಿಡ್ಕಂಡೈತೆ" ಎಂದೆ.

"ಯಾವ ಪಿನ್ನು?"

"ನಿಮ್ಮ ಚಪ್ಲೀದು. ನಿನ್ನೆ ದುರ್ಗದಾಗೆ ನಾಯಿ ಪಾಲಾಗ್ತಿತ್ತಂತೆ. ಸೌತೆಕಾಯಿ ಮಾರಾಕಿ ಎತ್ತಿ ಗಾಲಿ ಮ್ಯಾಲಿಟ್ಳಂತೆ."

ನಿಂಗಕ್ಕನ ಕೈ ಹುಣಸೆಯಲ್ಲೇ ನಿಂತಿತು. ಕೈ ಒರೆಸಿಕೊಂಡು, "ಗಾಲಿ ಮ್ಯಾಲೆ ಹೆಂಗೆ ಹೋದ್ವು ಅಂತ ನಾನೂ ತಲೆ ಕೆಡಿಸ್ಕಂಡಿದ್ದೆ" ಎಂದಳು.

ಕಳ್ಳರು ಒಪ್ಪಿಕೊಳ್ಳುವುದನ್ನು ಬೇಕಾದಷ್ಟು ಕಂಡಿದ್ದೇನೆ. ಹೀಗೆ ಒಪ್ಪಿಕೊಂಡವರನ್ನು ಕಂಡಿರಲಿಲ್ಲ. ನಗು ಬಂತು, ನಗಲಿಲ್ಲ.

"ಎಲ್ಲೈತೆ?"

ಎದ್ದು ಒಳಗೆ ನಡೆದಳು. ದೇವರ ಕೋಣೆಗೆ ಹೋಗುತ್ತಾಳೆಂದು ನಾನು ಬಾಗಿಲಲ್ಲೇ ಚಪ್ಪಲಿ ಬಿಟ್ಟೆ. ಅವಳು ಅತ್ತ ತಿರುಗಲೇ ಇಲ್ಲ. ಹಿತ್ತಿಲ ಬಾಗಿಲ ಪಕ್ಕ, ಮೇವಿನ ಕುಡುಗೋಲು, ಹರಿದ ಗೋಣಿಚೀಲ ಬಿಸಾಕಿದ ಮೂಲೆಯಲ್ಲಿ ಬಗ್ಗಿ, ಗೋಣಿಚೀಲದೊಳಗೆ ಕೈ ಹಾಕಿ ಗಂಟೆಯನ್ನು ಎಳೆದು ನೆಲದ ಮೇಲೆ ಟಪ್ಪೆಂದು ಇಟ್ಟಳು.

ಬರೀ ನೆಲದ ಮೇಲೆ!

"ಏನ್ರೀ ಇದು?" ಎಂದೆ. ನಿಜವಾಗಿಯೂ ಗಾಬರಿಯಾಗಿತ್ತು. "ನಿನ್ನೆ ಕೆಂಡದಂಥ ಬಂಡೆ ಮ್ಯಾಲೆ ಚಪ್ಲಿ ಬಿಟ್ಟು ಹತ್ತಿರ ಹೋದೋರು ನೀವು. ಇವತ್ತು ಗೋಣಿಚೀಲದಾಗೆ ತುರುಕಿದ್ದೀರಾ?"

"ನಿನ್ನೆ ಹತ್ತೋವಾಗ ಅದು ನಮ್ಮ ಗಂಟೆ ಆಗಿತ್ತು" ಎಂದಳು ನಿಂಗಕ್ಕ. "ಇಳಿಯೋವಾಗ ಆಗಿರಲಿಲ್ಲ."

"ಬಿಡಿಸಿ ಹೇಳ್ರಿ."

"ಮಕ್ಕಳು ಕುಂತು ಎದ್ದ ಸೀಟು, ಅಲ್ಲಿ ಇರಬಾರದು, ತೊಡೆ ಮ್ಯಾಲಿಟ್ಕಂಡು ಕುಂತಿರಾಣ ಅಂತ ಹತ್ತಿದೆ ತಾಯಿ. ಆಣೆ ಮಾಡಿ ಹೇಳ್ತೀನಿ, ಅಷ್ಟೇ ಇದ್ದದ್ದು ಮನಸಾಗೆ. ಎತ್ಕಂಡ್ರೆ ಕೈಗೆ ಯಾಕೋ ಹಗುರಾತು. ಗಂಟೆ ನಾಲಿಗೆಗೆ ಬಟ್ಟೆ ಸುತ್ತಿದ್ರಲ್ಲ, ಅದನ್ನ ಬಿಚ್ಚಿ ಒಂದ್ಸಲ ಅಲ್ಲಾಡಿಸಿದೆ."

ಈಗಲೂ ಬಿಚ್ಚಿದಳು. ಅಲ್ಲಾಡಿಸಿದಳು. ನನ್ನ ಕಿವಿಗೆ ಅದು ಗಂಟೆಯ ಸದ್ದೇ.

"ಕೇಳ್ತಾ? ಕೈಯಾಗೇ ಸತ್ತೋತು. ನಮ್ಮದು ಹಿಂಗಲ್ಲ. ನಮ್ಮದನ್ನ ಇಲ್ಲಿ ಬಾರಿಸಿದ್ರೆ ಊರ ಮುಂದ್ಲ ಕಟ್ಟೇಲಿ ಕುಂತೋರು ತಿರುಗಿ ನೋಡ್ತಾರೆ. ಮದುವೆಯಾಗಿ ಬಂದಾಗಿಂದ ಕೇಳ್ತಾ ಇದೀನಿ, ನಂಗೆ ಗೊತ್ತಾಗಲ್ವಾ? ಇದು ಸಂತೇಲಿ ಸಿಗೋದು ಚಂದ್ರಕ್ಕ. ಯಾರೋ ಅದೇ ಅಳತೆಗೆ ಹುಡುಕಿ ತಂದು ಮಸಿ ಹಚ್ಚ್ಯಾರೆ."

ನಾನು ಗಂಟೆಯನ್ನು ಎತ್ತಿ ಬೆಳಕಿಗೆ ಹಿಡಿದೆ. ಒಳಗಡೆ ಉಗುರಿನಿಂದ ಕೆರೆದೆ. ಕಪ್ಪು ಎದ್ದು ಬಂತು. ಕೆಳಗೆ ಹೊಸ ಲೋಹ ಪಳಪಳ ಎಂದಿತು.

"ಅಲ್ಲಿಂದ ಮ್ಯೂಸಿಯಮ್ಮಿಗೆ ಹೋಗೋದಿತ್ತಲ್ಲ" ಎಂದಳು ನಿಂಗಕ್ಕ. "ಅಷ್ಟು ಮಕ್ಕಳ ಮುಂದೆ ಅವರು ಇದು ಹೊಸಾದು ಅಂದ್ಬಿಟ್ರೆ? ಊರು ಏನಂತೈತೆ? ದೇವರ ಗಂಟೆ ನುಂಗಿದ ಮನೆ ಅಂತೈತೆ. ಅದ್ಕೆ ನನ್ನ ಚೀಲಕ್ಕೆ ಹಾಕ್ಕಂಡೆ."

"ಅನುಷಾ ತಲೆ ಮ್ಯಾಲೆ ಬರುತ್ತೆ ಅಂತ ಹೊಳೀಲಿಲ್ವಾ?"

"ಡ್ರೈವರ್ ಮ್ಯಾಲೆ ಹೋಗ್ತೈತೆ ಅಂದ್ಕಂಡೆ."

ಅಷ್ಟು ನಿಜವನ್ನು ಅಷ್ಟು ನೇರವಾಗಿ ಹೇಳಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಭುಜ ಅಲುಗುತ್ತಿತ್ತು. ನನಗೆ ಸಿಟ್ಟೂ ಬಂತು, ಮರುಕವೂ ಬಂತು. ಪಕ್ಕದಲ್ಲಿ ಕೂತು ಬೆನ್ನ ಮೇಲೆ ಕೈಯಿಟ್ಟೆ.

"ನಿಂಗಕ್ಕ, ಈ ನಾಲಿಗೆಗೆ ಬಟ್ಟೆ ಸುತ್ತಿದ್ದು ಯಾರು?"

ಸೆರಗನ್ನು ಇನ್ನಷ್ಟು ಬಿಗಿಯಾಗಿ ಮುಖಕ್ಕೆ ಒತ್ತಿಕೊಂಡಳು.

"ಅನುಷಾನಾ?"

"ಇಲ್ಲ. ನಮ್ಮ ಯಜಮಾನ್ರೇ. ಬಸ್ಸಾಗೆ ಸುಮ್‌ಸುಮ್ನೆ ಬಾರಿಸಬಾರದು, ಯಾರೂ ಬಿಚ್ಚಬ್ಯಾಡ್ರಿ ಅಂತ ಹೇಳಿ ಕಟ್ಟಿಕೊಟ್ರು." ಸೆರಗು ಸರಿಸಿ ನನ್ನನ್ನೇ ನೋಡಿದಳು. "ಹಂಗಂತ ಅವ್ರೇ ಬದಲಾಯಿಸಿದ್ರು ಅಂತ ನಾನು ಅನ್ನಲ್ಲ. ಬ್ಯಾರೆ ಯಾರೋ ಬದಲಾಯಿಸಿರಬೌದು, ಅವ್ರಿಗೂ ಗೊತ್ತಿಲ್ದಂಗೆ."

"ಇರಬಹುದು" ಎಂದೆ.

"ನಾನೇ ತಗಂಡಿದ್ದೆ ಅಂತ ಸ್ಕೂಲಾಗೆ ಎಲ್ಲರ ಮುಂದೆ ಹೇಳ್ತೀನಿ. ಕಳ್ಳಿ ಅಂದ್ರೂ ಅನ್ನಿಸ್ಕಂತೀನಿ. ನನ್ನ ಮೊಮ್ಮಗಳು ಓದ್ಲಿ. ಗಂಟೆ ಸುಳ್ಳು ಅನ್ನೋದು ಮಾತ್ರ ನಿಮ್ಮ ಬಾಯಿಂದ ಬರಬಾರದು, ನಿಮ್ಮ ಕಾಲಿಗೆ ಬೀಳ್ತೀನಿ."

"ಕಾಲಿಗೆಲ್ಲ ಬೀಳಬ್ಯಾಡ್ರಿ, ಏಳೋದಕ್ಕೆ ಆಗಲ್ಲ ನಿಮಗೆ. ಹೋಗಾಣ ನಡೀರಿ."

ಮಾತು ಕೊಡಲಿಲ್ಲ. ಅವಳು ಅದನ್ನು ಗಮನಿಸಲಿಲ್ಲ, ಅಥವಾ ಗಮನಿಸಿಯೂ ಸುಮ್ಮನಾದಳು.

*

ಸ್ಕೂಲಿನಲ್ಲಿ ಇತಿಹಾಸ ಮೇಳ ಶುರುವಾಗಿತ್ತು. ಏಳನೇ ಕ್ಲಾಸಿನ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಒರಗಿಸಿ, ಸೀರೆ ಹಾಸಿ, ಒಬ್ಬೊಬ್ಬರ ವಸ್ತು ಜೋಡಿಸಿದ್ದರು. ಸೇರು, ಪಾವು, ಅಡಕತ್ತರಿ, ಮುತ್ತಜ್ಜನ ರೇಡಿಯೋ, ಬೀಗವಿದ್ದೂ ಕೀಲಿಯಿಲ್ಲದ ಒಂದು ಪೆಟ್ಟಿಗೆ. ಥರ್ಮಾಕೋಲಿನ ಕೋಟೆಯ ಒಂದು ಬುರುಜು ಫ್ಯಾನಿನ ಗಾಳಿಗೆ ಬಿದ್ದುಹೋಗಿ ಎರಡು ಹುಡುಗಿಯರು ಅಂಟು ಹಚ್ಚುತ್ತಿದ್ದರು. ನಡುವಿನ ಮೇಜು ಖಾಲಿ. ಅದರ ಮೇಲೆ ಕರೀ ಕಂಬಳಿ ಮಾತ್ರ ಹಾಸಿತ್ತು.

ಆ ಮೇಜಿನ ಪಕ್ಕದಲ್ಲೇ ಅನುಷಾ ನಿಂತಿದ್ದಳು. ಬೇರೆ ಮಕ್ಕಳು ತಮ್ಮ ವಸ್ತುವಿನ ಹತ್ತಿರ ನಿಂತಂತೆಯೇ.

"ಬೇಡ ಅಂದ್ರೂ ಅಲ್ಲಿಂದ ಸರಿತಿಲ್ಲ ಕಣಕ್ಕ" ಎಂದಳು ಹೇಮಾ. ರಾತ್ರಿಯೆಲ್ಲ ಅತ್ತು ಅವಳ ಕಣ್ಣು ಊದಿತ್ತು. "ಎಲ್ಲಾ ನನ್ನಿಂದ. ಗಂಟೆ ತರಿಸದೆ ಇದ್ದಿದ್ರೆ..."

"ಸುಮ್ಕಿರು. ಅತ್ತಿದ್ದು ಸಾಕು, ಮೂಗು ಒರೆಸ್ಕ" ಎಂದೆ.

ನಿಂಗಕ್ಕ ಚಪ್ಪಲಿ ಹೊರಗೆ ಬಿಟ್ಟು, ಎರಡೂ ಕೈಯಲ್ಲಿ ಗಂಟೆ ಹಿಡಿದು ಒಳಗೆ ಬಂದಳು. ನಾಲಿಗೆಗೆ ಮತ್ತೆ ಬಟ್ಟೆ ಸುತ್ತಿದ್ದಳು. ಕಂಬಳಿಯ ಮೇಲೆ ಇಟ್ಟು, ಒಂದು ಹೆಜ್ಜೆ ಹಿಂದೆ ಸರಿದು, ಹೇಳಿಬಿಟ್ಟಳು.

"ನಾನೇ ತಗಂಡಿದ್ದೆ. ದೇವರ ವಸ್ತು ಕಂಡೋರ ಕೈಗೆ ಹೋಗಬಾರದು ಅಂತ ಬುದ್ಧಿಗೇಡಿ ಕೆಲಸ ಮಾಡಿದೆ. ಮಗೂದು ಏನೂ ತಪ್ಪಿಲ್ಲ."

ಶಿವಕುಮಾರಪ್ಪನವರು ಯಾರೂ ಹೇಳದೆಯೇ ಹೊರಗೆ ಹೋಗಿ ಶೂ ಬಿಚ್ಚಿ ಬಂದರು, ಒಂದು ಸಾಕ್ಸಿನ ತೂತಿನಿಂದ ಹೆಬ್ಬೆರಳು ಇಣುಕುತ್ತಿತ್ತು. ಮಕ್ಕಳೂ ಒಬ್ಬರ ಹಿಂದೊಬ್ಬರು ಓಡಿ ಬಾಗಿಲಾಚೆ ಚಪ್ಪಲಿ ಗುಡ್ಡೆ ಹಾಕಿದರು. ನಾನೂ ಬಿಟ್ಟೆ.

ಅನುಷಾ ಅಜ್ಜಿಯನ್ನು ನೋಡಿದಳು. "ಯಾಕಜ್ಜಿ ನಿನ್ನೇನೇ ಹೇಳ್ಲಿಲ್ಲ?" ಎಂದಳಷ್ಟೆ. ನಿಂಗಕ್ಕ ಅವಳ ಕೈ ಹಿಡಿದುಕೊಂಡಳು. ಹುಡುಗಿ ಬಿಡಿಸಿಕೊಳ್ಳಲಿಲ್ಲ.

"ಗೋವಿಂದಯ್ಯನೋರಿಗೆ ಫೋನ್ ಮಾಡ್ರಿ" ಎಂದೆ ಹೆಡ್‌ಮಾಸ್ಟರಿಗೆ. "ಗಂಟೆ ಸಿಕ್ಕೈತೆ, ಬರ್ರಿ ಅನ್ರಿ. ಎಲ್ಲಿತ್ತು, ಯಾರು ತಂದ್ರು, ಏನೂ ಹೇಳಬ್ಯಾಡ್ರಿ."

"ಯಾಕ್ರಿ?"

"ಸುಮ್ನೆ ಹೇಳ್ರಿ ಮೇಷ್ಟ್ರೇ."

ನನ್ನ ಲೆಕ್ಕ ಹೀಗಿತ್ತು. ಆತ ಬಂದ ಮೇಲೆ ಬಟ್ಟೆ ಬಿಚ್ಚಿ ಗಂಟೆ ಬಾರಿಸುವುದು. ಆ ಸದ್ದು ಕೇಳಿದಾಗ ಮುಖ ಹೇಗಾಗುತ್ತದೆ ನೋಡುವುದು. ಬೇರೆ ಯಾರಾದರೂ ಬದಲಾಯಿಸಿದ್ದರೆ ಆತನೂ ನಿಂಗಕ್ಕನ ಹಾಗೆ ಬೆಚ್ಚಿಬೀಳಬೇಕು. ಬೆಚ್ಚದಿದ್ದರೆ ಆಮೇಲಿನ ಮಾತು. ಟಿ.ಸಿ.ಗೆಂದು ಹೊರಟವನು ದಾರಿಯಲ್ಲೇ ಇದ್ದನಂತೆ.

ಮಕ್ಕಳು ಮತ್ತೆ ಗಲಾಟೆ ಶುರುಮಾಡಿದರು. ಬುರುಜು ಇನ್ನೊಮ್ಮೆ ಬಿತ್ತು. ಅಷ್ಟರಲ್ಲಿ ವರಾಂಡದಾಚೆಯಿಂದ ಆ ಸದ್ದು ಕೇಳಿಸಿತು. ಕಿರ್ರ್, ಕಿರ್ರ್.

ಹತ್ತಿರವಾಯಿತು. ಬಾಗಿಲ ಹತ್ತಿರ ಬಂತು. ನಾನು ಗಂಟೆಯ ಬಟ್ಟೆಯ ಗಂಟಿನ ಕಡೆ ಕೈ ಚಾಚಿದ್ದೆ. ಈಗ ಸದ್ದು ನಿಲ್ಲುತ್ತದೆ, ಚಪ್ಪಲಿ ಬಿಡುತ್ತಾನೆ, ಒಳಗೆ ಬರುತ್ತಾನೆ ಎಂದುಕೊಂಡೆ.

ಸದ್ದು ನಿಲ್ಲಲಿಲ್ಲ.

ಕಿರ್ರ್ ಕಿರ್ರ್ ಎನ್ನುತ್ತಲೇ ಹೊಸ್ತಿಲು ದಾಟಿತು. ಬಾಗಿಲಾಚೆ ಅಷ್ಟು ದೊಡ್ಡ ಚಪ್ಪಲಿ ಗುಡ್ಡೆ ಇತ್ತು, ಅದನ್ನು ಸುತ್ತುಹಾಕಿಕೊಂಡೇ ಗೋವಿಂದಯ್ಯ ಒಳಗೆ ಬಂದ. ನೇರ ಮೇಜಿನ ಹತ್ತಿರ ನಡೆದ. ಗಂಟೆಯ ಮೇಲೆ ಒಮ್ಮೆ ಕಣ್ಣಾಡಿಸಿದ, ಕೈ ಮುಗಿಯಲಿಲ್ಲ. ಮುಖದಲ್ಲಿ ಸಂತೋಷವಿರಲಿಲ್ಲ, ತಲೆನೋವು ತಿರುಗಿ ಬಂದವನ ಹಾಗೆ ಹುಬ್ಬು ಗಂಟಿಕ್ಕಿತ್ತು.

"ಸಿಕ್ತಾ? ಆತು ಬಿಡ್ರಿ" ಎಂದ. "ಮೇಷ್ಟ್ರೇ, ಗಂಟೆ ಸಿಕ್ಕೈತೆ ಅಂತ ನನ್ನ ಮಾತು ಬದಲಾಗಲ್ಲ. ಇದನ್ನ ಆಚೆ ತಂದಿದ್ದೇ ತಪ್ಪು. ಹುಡ್ಗಿ ಟಿ.ಸಿ. ಕೊಡ್ರಿ, ಓದಿದ್ದು ಸಾಕು."

ನಿಂಗಕ್ಕ ಗಂಡನ ಕಾಲನ್ನೇ ನೋಡುತ್ತಿದ್ದಳು. ಬೇರೆ ಯಾರೋ ಬದಲಾಯಿಸಿರಬಹುದೆಂದು ಹಿತ್ತಿಲ ಬಾಗಿಲಲ್ಲಿ ಕಟ್ಟಿಕೊಂಡಿದ್ದ ಕೊನೆಯ ಆಸೆಯೂ ಅಲ್ಲಿ ಮುಗಿಯಿತು.

ಗಂಟಿನ ಮೇಲಿದ್ದ ನನ್ನ ಕೈಯನ್ನು ಹಿಂದಕ್ಕೆ ತೆಗೆದುಕೊಂಡೆ. ಬಾರಿಸುವ ಅಗತ್ಯವೇ ಉಳಿದಿರಲಿಲ್ಲ.

"ಅಜ್ಜ" ಎಂದಳು ಅನುಷಾ.

"ಏನು? ಚೀಲ ತಗಾ, ಹೋಗಾಣ."

"ಅಜ್ಜ, ಮೆಟ್ಟು."

ಗೋವಿಂದಯ್ಯ ಬಗ್ಗಿ ತನ್ನ ಕಾಲು ನೋಡಿಕೊಂಡ. ಆಮೇಲೆ ಸರಸರನೆ ಹಿಂದೆ ಹೆಜ್ಜೆಯಿಟ್ಟ, ಚಪ್ಪಲಿ ಮತ್ತೆ ಕಿರ್ರೆಂದಿತು. "ಅವಸರದಾಗೆ ಮರೆತೆ ಕಣವ್ವ" ಎಂದ.

ಅನುಷಾ ಅಜ್ಜನ ಮುಖ ನೋಡಿದಳು. ಅಜ್ಜಿಯ ಮುಖ ನೋಡಿದಳು. ಅಜ್ಜಿಯ ಕೈ ಬಿಡಿಸಿಕೊಂಡು, ಮೇಜಿನ ಹತ್ತಿರ ಬಂದು, ಗಂಟೆಯ ನಾಲಿಗೆಗೆ ಸುತ್ತಿದ ಬಟ್ಟೆಯ ಗಂಟನ್ನು ಬಿಚ್ಚತೊಡಗಿದಳು.

"ಬಿಚ್ಚಬ್ಯಾಡ ಅನು!" ಗೋವಿಂದಯ್ಯ ಕೂಗಿದ.

ಅವಳು ಬಿಚ್ಚಿದಳು. ಗಂಟೆಯನ್ನು ಎತ್ತಿ ಒಮ್ಮೆ ಅಲ್ಲಾಡಿಸಿದಳು. ಆ ಸದ್ದು ಕೋಣೆಯ ಗೋಡೆ ಕೂಡ ಮುಟ್ಟಲಿಲ್ಲ.

"ನಮ್ಮ ಗಂಟೆ ಎಲ್ಲಜ್ಜ?" ಎಂದಳು.